ದಾವಣಗೆರೆಯಲ್ಲಿ ಲ್ಯಾಬ್ರಡಾರ್ ಮರಿ ಈಗ ಐದು ಸಾವಿರಕ್ಕೇ ಸಿಗುತ್ತಿದೆ, ತೆಗೆದುಕೊಳ್ಳಬಹುದೇ?

ನೀವು ಎರಡು ವಿಷಯ ಕೇಳಿದ್ದೀರಿ. ಕೋವಿಡ್ ಕಾಲದಲ್ಲಿ ಹದಿನೈದು, ಇಪ್ಪತ್ತು ಸಾವಿರ ಹೇಳುತ್ತಿದ್ದ ಲ್ಯಾಬ್ ಮರಿಯನ್ನು ಈಗ ಐದಕ್ಕೆ ಕೊಡುತ್ತೇವೆ ಅನ್ನುತ್ತಿದ್ದಾರೆ, ತಗೊಳ್ಳಬಹುದಾ ಎನ್ನುವುದು ಒಂದು. ವಿದ್ಯಾನಗರದ ನಿಮ್ಮ ರಸ್ತೆಯಲ್ಲಿ ಕೊರಳಲ್ಲಿ ಬೆಲ್ಟ್ ಇರುವ ಜಾತಿ ನಾಯಿಗಳು ದಿಕ್ಕಿಲ್ಲದೆ ತಿರುಗುತ್ತಿವೆ, ಅದರಲ್ಲೊಂದು ಬಿಳಿ ನಾಯಿ, ಇದ್ಯಾಕೆ ಎನ್ನುವುದು ಇನ್ನೊಂದು. ಇವೆರಡೂ ಬೇರೆ ಬೇರೆ ಅಂತ ನೀವು ಅಂದುಕೊಂಡಿದ್ದೀರಿ, ಆದರೆ ಎರಡಕ್ಕೂ ಕಾರಣ ಒಂದೇ. ನೇರ ಉತ್ತರ ಬೇಕಿದ್ದರೆ ಇಷ್ಟು: ಆ ಮರಿಯ ತಾಯಿಯನ್ನು ನಿಮ್ಮ ಕಣ್ಣಾರೆ ನೋಡದೆ ಐದು ಸಾವಿರಕ್ಕಲ್ಲ, ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಓದಿ.

ನಾನು ದಾವಣಗೆರೆಯಲ್ಲಿ ಪ್ರಾಣಿಗಳ ಔಷಧಿ ಅಂಗಡಿ ನಡೆಸುತ್ತೇನೆ. ಹಸು, ಎಮ್ಮೆಗೆ ಮಿನರಲ್ ಮಿಕ್ಸ್ಚರ್, ಕುರಿಗೆ ಜಂತಿನ ಔಷಧಿ, ಇವೇ ನಮ್ಮ ಮೂಲ ವ್ಯಾಪಾರ. ನಾಯಿ ಫುಡ್ ಮೂಲೆಯ ರ್‍ಯಾಕಿನಲ್ಲಿ ನಾಲ್ಕು ಪ್ಯಾಕೆಟ್ ಇರುತ್ತಿತ್ತು. 2020ರ ನಂತರ ಅದಕ್ಕೇ ಅರ್ಧ ಅಂಗಡಿ ಬಿಡಬೇಕಾಯಿತು. ಮರಿ ಮಾರುವವರು, ಕೊಳ್ಳುವವರು, ಸಾಕಲಾಗದೆ ಯಾರಿಗಾದರೂ ಕೊಡಿಸಿ ಅನ್ನುವವರು, ಮೂರೂ ಥರದವರು ಇದೇ ಕೌಂಟರಿಗೆ ಬರುತ್ತಾರೆ. ಈ ಬೆಲೆ ಹತ್ತಿದ್ದು, ಇಳಿದದ್ದು ಎರಡನ್ನೂ ನಾನು ಇಲ್ಲಿ ನಿಂತೇ ನೋಡಿದ್ದೇನೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತಲ್ಲ, ಬೆಂಗಳೂರಿನಲ್ಲಿದ್ದ ನಮ್ಮೂರ ಐಟಿ ಹುಡುಗರು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. ಮಕ್ಕಳಿಗೆ ಶಾಲೆ ಇಲ್ಲ, ದೊಡ್ಡವರು ಹೊರಗೆ ಹೋಗುವಂತಿಲ್ಲ. ಎಂಸಿಸಿ ಬಿ ಬ್ಲಾಕು, ವಿದ್ಯಾನಗರ, ನಿಟುವಳ್ಳಿ, ಎಲ್ಲಿ ಕೇಳಿದರೂ ಒಂದು ಮರಿ ಬೇಕು. ಆ ಹೊತ್ತಿಗೆ ಸರಿಯಾಗಿ ಮರಿ ಬರುವ ದಾರಿಯೇ ಬಂದ್ ಆಗಿತ್ತು, ಯಾಕೆಂದರೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬುಟ್ಟಿಯಲ್ಲಿ ಬಸ್ಸು ಹತ್ತಿ ಬರುತ್ತಿದ್ದ ಮರಿಗಳಿಗೆ ಬಸ್ಸೇ ಇರಲಿಲ್ಲ. ಕೇಳುವವರು ಜಾಸ್ತಿ, ಮರಿ ಕಡಿಮೆ, ಬೆಲೆ ಏರದೆ ಇನ್ನೇನಾಗುತ್ತದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಆ ಒಂದು ವರ್ಷದಲ್ಲಿ ಹೊಸದಾಗಿ ಸಾಕುಪ್ರಾಣಿ ತಂದ ಮನೆಗಳು 32 ಲಕ್ಷ ಎಂದು ಅಲ್ಲಿನ ಪ್ರಾಣಿ ಆಹಾರ ತಯಾರಕರ ಸಂಘ 2021ರ ಮಾರ್ಚ್‌ನಲ್ಲಿ ಲೆಕ್ಕ ಕೊಟ್ಟಿತ್ತು. ಮರಿಗಳ ಬೆಲೆ ಅಲ್ಲಿ ದುಪ್ಪಟ್ಟಾಯಿತು. ಆಮೇಲೆ ಆಫೀಸು ತೆರೆದವು, ಕರೆಂಟು, ಗ್ಯಾಸು, ದಿನಸಿ ಎಲ್ಲದರ ಬೆಲೆ ಏರಿತು, 'ಈ ನಾಯಿ ನಮ್ಮಿಂದ ಆಗುವುದಿಲ್ಲ, ನೀವೇ ಇಟ್ಟುಕೊಳ್ಳಿ' ಎನ್ನುವ ಫೋನುಗಳು ಡಾಗ್ಸ್ ಟ್ರಸ್ಟ್‌ನಂಥ ಸಂಸ್ಥೆಗಳಿಗೆ ಹೆಚ್ಚಿದವು. ಒಂದು ವ್ಯತ್ಯಾಸ ಇದೆ. ಅವರಿಗೆ ಫೋನು ಮಾಡಿ ಒಪ್ಪಿಸಲು ಒಂದು ಜಾಗವಾದರೂ ಇದೆ. ನಮ್ಮಲ್ಲಿ ಆ ಜಾಗದ ಬದಲು ಬೈಪಾಸ್ ರಸ್ತೆ ಇದೆ.

ಈಗ ಬೆಲೆ ಯಾಕೆ ಬಿತ್ತು ಅನ್ನುವುದಕ್ಕೆ ಬರುತ್ತೇನೆ. ಲಾಕ್‌ಡೌನಿನಲ್ಲಿ ತಂದ ಮರಿಗಳಲ್ಲಿ ಹೆಣ್ಣು ಎಷ್ಟೋ ಇದ್ದವು. ಹೆಣ್ಣು ನಾಯಿ ಎಂಟು, ಹತ್ತು ತಿಂಗಳಿಗೆ ಮೊದಲ ಸಲ ಹೀಟ್‌ಗೆ, ಅಂದರೆ ಬೆದೆಗೆ, ಬರುತ್ತದೆ. ಗಬ್ಬ ನಿಂತರೆ 63 ದಿನಕ್ಕೆ ಮರಿ. ಲ್ಯಾಬ್ ಆದರೆ ಒಂದು ಸೂಲಿಗೆ ಆರು, ಎಂಟು. ಹದಿನೈದು ಸಾವಿರದ ರೇಟಿನಲ್ಲಿ ಆರು ಮರಿ ಹೋದರೂ ತೊಂಬತ್ತು ಸಾವಿರ. ಗಂಡು ನಾಯಿಯ ಮಾಲೀಕನಿಗೆ ಕ್ರಾಸಿಂಗ್‌ಗೆಂದು ಒಂದು ಮರಿ ಬಿಟ್ಟುಕೊಟ್ಟರೆ ಮುಗಿಯಿತು, ಬೇರೆ ಖರ್ಚಿಲ್ಲ ಅಂತ ಲೆಕ್ಕ. ಕೆಲಸ ಹೋದವರು, ಅಂಗಡಿ ಮುಚ್ಚಿದವರು ಆಗ ಬೇಕಾದಷ್ಟು ಜನ ಇದ್ದರು, ಅವರ ಕಷ್ಟವನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಒಬ್ಬರಿಗೆ ಹೊಳೆದ ಲೆಕ್ಕ ಇಡೀ ಬೀದಿಗೇ ಹೊಳೆಯಿತು.

ಚಳ್ಳಕೆರೆ, ಹಿರಿಯೂರು ಸೀಮೆಯ ಈರುಳ್ಳಿ ಬೆಳೆಗಾರರಿಗೆ ಮುಂದಿನದನ್ನು ಹೇಳಿಕೊಡಬೇಕಿಲ್ಲ. ಒಂದು ವರ್ಷ ರೇಟು ಸಿಕ್ಕಿತು ಅಂದರೆ ಮರುವರ್ಷ ಎಲ್ಲರ ಹೊಲದಲ್ಲೂ ಈರುಳ್ಳಿಯೇ, ಎಲ್ಲರ ಲೋಡೂ ಒಟ್ಟಿಗೇ ಮಾರ್ಕೆಟ್ಟಿಗೆ, ಕೂಲಿಯೂ ಹುಟ್ಟದ ರೇಟು. ಮರಿಗಳ ವಿಷಯದಲ್ಲೂ ಆದದ್ದು ಅದೇ. 2020ರ ಹೆಣ್ಣು ಮರಿಗಳು 2021, 2022ಕ್ಕೆ ತಾಯಂದಿರಾದವು, ಸರಿಯಾಗಿ ಅದೇ ಹೊತ್ತಿಗೆ ಕಂಪನಿಗಳು ಹುಡುಗರನ್ನು ವಾಪಸ್ ಕರೆದವು, ಕೊಳ್ಳುವವರು ಇಲ್ಲವಾದರು. ಈರುಳ್ಳಿಯನ್ನಾದರೆ ಮನಸ್ಸು ಕಲ್ಲು ಮಾಡಿಕೊಂಡು ಹೊಲದಲ್ಲೇ ಟ್ರ್ಯಾಕ್ಟರಿನ ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಿಬಿಡುತ್ತಾರೆ. ನಾಯಿ ಹತ್ತು, ಹನ್ನೆರಡು ವರ್ಷ ಬದುಕುವ ಜೀವ. ದಿನಾ ಹೊಟ್ಟೆಗೆ ಬೇಕು.

ವಾಟ್ಸಾಪ್ ಸ್ಟೇಟಸ್‌ನಲ್ಲಿ ಈ ಮರಿಗಳ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಮೊದಲ ದಿನ 'ಹೆವಿ ಬೋನ್, ಪಂಚ್ ಫೇಸ್, ಟಾಪ್ ಕ್ವಾಲಿಟಿ' ಅಂತ ಶುರುವಾಗುತ್ತದೆ. ಮರಿ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿರುವುದಿಲ್ಲ. ಗಂಡು ಮರಿಗಳು ಮೊದಲು ಹೋಗುತ್ತವೆ, ಏಕೆಂದರೆ ಹೆಣ್ಣು ಬೇಡ, ಹೀಟ್ ಬಂದರೆ ರಗಳೆ ಅನ್ನುವವರೇ ಹೆಚ್ಚು. ವಾರ ಕಳೆದಂತೆ ರೇಟು ಇಳಿಯುತ್ತದೆ. ನಂತರ 'ಲಾಸ್ಟ್ ಟೂ ಪೀಸ್, ಫೀಮೇಲ್' ಅಂತ ಬರುತ್ತದೆ. ಅದಾದ ಮೇಲೆ ಸ್ಟೇಟಸ್ ನಿಲ್ಲುತ್ತದೆ. ಆ ಎರಡು ಹೆಣ್ಣು ಮರಿ ಎಲ್ಲಿಗೆ ಹೋದವು ಅಂತ ಕೇಳಿದರೆ 'ಯಾರೋ ಹಳ್ಳಿಯವರು ತಗೊಂಡು ಹೋದ್ರಣ್ಣ' ಎನ್ನುತ್ತಾರೆ. ಕೆಲವು ನಿಜವಾಗಿಯೂ ಹೋಗಿರುತ್ತವೆ. ಎಲ್ಲವೂ ಹೋಗಿರುವುದಿಲ್ಲ.

ಮರಿಗಾದರೂ ಮುದ್ದು ಮುಖ ಇದೆ, ಯಾರೋ ಕರುಣೆಯಿಂದ ಎತ್ತಿಕೊಳ್ಳುತ್ತಾರೆ. ಗತಿ ಇಲ್ಲದ್ದು ತಾಯಿಗೆ. ರೇಟು ಇದ್ದಾಗ ವರ್ಷಕ್ಕೆ ಎರಡು ಸಲ ಮರಿ ಹಾಕಿಸಿರುತ್ತಾರೆ. ರೇಟು ಬಿದ್ದ ಮೇಲೆ ಅದಕ್ಕೆ ಹಾಕುವ ಊಟವೂ ದಂಡ ಅನ್ನಿಸತೊಡಗುತ್ತದೆ. ಹದಡಿ ರಸ್ತೆಯ ಕಡೆ ಒಂದು ಹೆಣ್ಣು ಲ್ಯಾಬ್ ಸಿಕ್ಕಿತ್ತು ನನಗೆ. ಹೊಟ್ಟೆಯ ಕೆಳಗೆ ಮೊಲೆಗಳು ಜೋತು ಬಿದ್ದಿದ್ದವು, ಹಾಲು ಇರಲಿಲ್ಲ. ಮುಂಗಾಲಿನ ಮೊಣಕೈ ಹತ್ತಿರ ಕೂದಲು ಹೋಗಿ ಚರ್ಮ ಜಡ್ಡುಗಟ್ಟಿತ್ತು, ಬರೀ ಸಿಮೆಂಟ್ ನೆಲದ ಮೇಲೆ ಮಲಗಿಸಿದ ನಾಯಿಗೆ ಹಾಗಾಗುತ್ತದೆ. ಉಗುರು ಬೆಳೆದು ಒಳಕ್ಕೆ ಬಾಗಿದ್ದವು, ಅಂದರೆ ನಡೆದಾಡಿಸಿಯೇ ಇರಲಿಲ್ಲ. ಕಿವಿಯೊಳಗೆ ರಕ್ತ ಹೀರುವ ಉಣ್ಣೆ ಹುಳಗಳು ಗೊಂಚಲಾಗಿ ಕೂತಿದ್ದವು. ಬೆಲ್ಟ್ ತೆಗೆದು ಬಿಟ್ಟಿದ್ದರು, ಕೊರಳ ಸುತ್ತ ಕೂದಲಿಲ್ಲದ ಪಟ್ಟಿ ಮಾತ್ರ ಉಳಿದಿತ್ತು. ಬಿಸ್ಕತ್ ತೋರಿಸಿದರೆ ತಿನ್ನಲು ಮುಂದೆ ಬರಲಿಲ್ಲ, ಮೊದಲು ಕೂತುಕೊಂಡು ಬಲಗಾಲು ಎತ್ತಿ ಕೊಟ್ಟಿತು. ಯಾವುದೋ ಮನೆಯಲ್ಲಿ ಯಾವುದೋ ಮಗು ಅದಕ್ಕೆ ಶೇಕ್‌ಹ್ಯಾಂಡ್ ಕಲಿಸಿತ್ತು.

ಡಾಕ್ಟರು ನೋಡಿ ಗರ್ಭಕೋಶದಲ್ಲಿ ಕೀವು ತುಂಬಿದೆ ಎಂದರು. ಆಪರೇಷನ್ ಮಾಡದ ಹೆಣ್ಣು ನಾಯಿಗಳಲ್ಲಿ ವಯಸ್ಸಾದಂತೆ ಇದು ಬರುತ್ತದೆ, ತಡ ಮಾಡಿದರೆ ಜೀವಕ್ಕೇ ಅಪಾಯ. ಗರ್ಭಕೋಶ ತೆಗೆದು, ಉಣ್ಣೆ ಜ್ವರಕ್ಕೆ ಔಷಧಿ ಕೊಟ್ಟು, ಗುಣವಾದ ಮೇಲೆ ಸಂತೇಬೆನ್ನೂರು ಕಡೆಯ ಅಡಿಕೆ ತೋಟದ ಮನೆಯವರೊಬ್ಬರು ಅದನ್ನು ಕರೆದುಕೊಂಡು ಹೋದರು. ಅದು ಬದುಕಿತು. ನಿಮಗೆ ಐದು ಸಾವಿರಕ್ಕೆ ಮರಿ ತೋರಿಸುತ್ತಿರುವವರ ಮನೆಯ ಹಿತ್ತಲಲ್ಲಿ ಇಂಥದೇ ಒಂದು ತಾಯಿ ಇರಬಹುದು ಅಂತ ನಾನು ಇದನ್ನೆಲ್ಲ ಹೇಳುತ್ತಿದ್ದೇನೆ.

ತಾಯಿಯನ್ನು ನೋಡಿ ಎನ್ನುವ ಮಾತು ನನ್ನದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಅದು ಕಾನೂನೇ ಆಗಿದೆ. ಲೂಸಿ ಎಂಬ ಕ್ಯಾವಲಿಯರ್ ಸ್ಪ್ಯಾನಿಯಲ್ ಹೆಣ್ಣು ನಾಯಿಯನ್ನು 2013ರಲ್ಲಿ ವೇಲ್ಸ್‌ನ ಒಂದು ಮರಿ ಉತ್ಪಾದನೆ ಕೇಂದ್ರದಿಂದ ಬಿಡಿಸಿ ತಂದರು. ವರ್ಷಗಟ್ಟಲೆ ಇಕ್ಕಟ್ಟಿನ ಗೂಡಿನಲ್ಲಿ ಮರಿ ಹಾಕಿಸಿ ಹಾಕಿಸಿ ಅದರ ಬೆನ್ನುಮೂಳೆ ಬಾಗಿ ಹೋಗಿತ್ತು. 2016ರಲ್ಲಿ ಅದು ಸತ್ತಿತು. ಅದರ ಹೆಸರಿನಲ್ಲೇ ಹೋರಾಟ ನಡೆದು 2020ರ ಏಪ್ರಿಲ್ 6ರಂದು ಲೂಸಿ ಕಾನೂನು ಜಾರಿಗೆ ಬಂತು. ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯವರು, ದಲ್ಲಾಳಿಗಳು ಮಾರುವಂತಿಲ್ಲ. ಸಾಕಿದವರ ಬಳಿಗೇ ಹೋಗಿ, ಹುಟ್ಟಿದ ಜಾಗದಲ್ಲಿ, ತಾಯಿಯ ಜೊತೆಗೇ ಮರಿಯನ್ನು ನೋಡಿ ಕೊಳ್ಳಬೇಕು. ಲಾಕ್‌ಡೌನ್ ಶುರುವಾಗಿ ಅಲ್ಲಿ ಮರಿಗಳಿಗೆ ಬೇಡಿಕೆ ಏರಿದ್ದೂ ಅದೇ ಸಮಯಕ್ಕೆ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಗೆ ಹದಿನೆಂಟು ತಿಂಗಳು ತುಂಬಿರಬೇಕು, ಎಂಟು ವರ್ಷ ದಾಟಿರಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ನಿಮಗೆ ಮರಿ ಕೊಡುವವರನ್ನು ಈ ನೋಂದಣಿಯ ಬಗ್ಗೆ ಒಂದು ಮಾತು ಕೇಳಿ ನೋಡಿ, ಮುಖ ನೋಡಿದರೆ ಗೊತ್ತಾಗುತ್ತದೆ. ಇನ್ನು ಬಿಟ್ಟು ಹೋಗುವವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಇದೆ. ಹಸಿವು, ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ 50 ರೂಪಾಯಿ. ದಶಕಗಳ ಹಿಂದೆ ಬರೆದ ಮೊತ್ತ, ಇವತ್ತಿಗೂ ಅಷ್ಟೇ. ನಮ್ಮೂರಲ್ಲಿ ಒಂದು ಬೆಣ್ಣೆ ದೋಸೆಗೂ ಅದಕ್ಕಿಂತ ಹೆಚ್ಚು ಕೊಡುತ್ತೇವೆ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಅಗ್ಗ ಆದ ಮೇಲೆ ಇನ್ನೊಂದು ಅನಾಹುತ ಆಗುತ್ತಿದೆ, ಅದನ್ನು ಅಂಗಡಿಯಲ್ಲಿ ದಿನಾ ನೋಡುತ್ತೇನೆ. ಮೂವತ್ತು ದಿನಕ್ಕೇ ತಾಯಿಯಿಂದ ಬಿಡಿಸಿದ ಮರಿಗೆ ಪಾರ್ವೊ ಎನ್ನುವ ವೈರಸ್ ಕಾಯಿಲೆ ಬೇಗ ತಗಲುತ್ತದೆ. ವಾಂತಿ, ನಾರುವ ರಕ್ತಭೇದಿ, ಎರಡೇ ದಿನದಲ್ಲಿ ಮರಿ ಎತ್ತಿದರೆ ಬಟ್ಟೆಯ ಹಾಗೆ ಜೋಲುತ್ತದೆ. ದಿನಾ ಡ್ರಿಪ್ ಹಾಕಿಸಿ ಉಳಿಸಿಕೊಳ್ಳಬಹುದು, ಬಹಳಷ್ಟು ಉಳಿಯುತ್ತವೆ ಕೂಡ. ಆದರೆ ಐದು ಸಾವಿರದ ಮರಿಗೆ ಏಳೆಂಟು ಸಾವಿರ ಚಿಕಿತ್ಸೆ ಅಂದಾಗ ಕೆಲವರು ಏನು ಹೇಳುತ್ತಾರೆ ಗೊತ್ತೇ, 'ಅದ್ರ ಬದ್ಲು ಇನ್ನೊಂದು ಮರೀನೇ ಬರುತ್ತಲ್ರೀ.' ಇಪ್ಪತ್ತು ಸಾವಿರ ಕೊಟ್ಟು ತಂದಿದ್ದ ಕಾಲದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ದುಬಾರಿ ಇದ್ದಾಗ ನಾಯಿಯನ್ನು ಹೆಚ್ಚು ಪ್ರೀತಿಸುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಹಾಕಿದ ದುಡ್ಡು ಹೋಗುತ್ತದಲ್ಲ ಅನ್ನುವ ಸಂಕಟಕ್ಕಾದರೂ ಡಾಕ್ಟರ ಬಳಿ ಓಡುತ್ತಿದ್ದರು. ಈಗ ಆ ಸಂಕಟವೂ ಇಲ್ಲ.

ಬಿಟ್ಟು ಹೋಗುವವರೆಲ್ಲ ಕಟುಕರೂ ಅಲ್ಲ, ಅದನ್ನೂ ಹೇಳಬೇಕು. ಮಗ ವರ್ಕ್ ಫ್ರಂ ಹೋಮ್‌ನಲ್ಲಿ ತಂದ ನಾಯಿ, ಈಗ ಮಗ ಬೆಂಗಳೂರಿನ ಪಿಜಿಯಲ್ಲಿ, ಅಲ್ಲಿ ನಾಯಿ ಬಿಡುವುದಿಲ್ಲ. ಮೂವತ್ತು ಕೆಜಿಯ ನಾಯಿಯ ಬೆಲ್ಟ್ ಈಗ ಮಂಡಿನೋವಿನ ತಾಯಿಯ ಕೈಯಲ್ಲಿ. ಅಂಥ ಒಬ್ಬ ಅಮ್ಮ ಅಂಗಡಿಗೆ ಬಂದು, 'ಅಣ್ಣಾ, ಯಾರಾದ್ರೂ ಒಳ್ಳೇರು ಇದ್ರೆ ಹೇಳ್ರಿ. ದುಡ್ಡೇನೂ ಬ್ಯಾಡ, ಗೂಡು, ಬೆಲ್ಟು, ತಟ್ಟೆ ಎಲ್ಲಾ ಕೊಡ್ತೀನಿ' ಅಂತ ಕಣ್ಣೀರು ಹಾಕಿದ್ದಾರೆ. ಕೇಳಿಕೊಂಡು ಬರುವವರಿಗೆ ಹೇಗೋ ದಾರಿ ಹುಡುಕಬಹುದು. ಕೇಳದೆ ರಾತ್ರೋರಾತ್ರಿ ಕಾರಿನಲ್ಲಿ ಕರೆದೊಯ್ದು ಹೆದ್ದಾರಿಯ ಡಾಬಾ ಹತ್ತಿರ, ಕುಂದುವಾಡ ಕೆರೆ ಹತ್ತಿರ, ರೈಲ್ವೆ ಸ್ಟೇಷನ್ ಹತ್ತಿರ ಇಳಿಸಿ ಬರುವವರದ್ದೇ ದೊಡ್ಡ ಸಮಸ್ಯೆ. ಅಲ್ಲಿ ಊಟ ಸಿಗುತ್ತದೆ, ಹೇಗೋ ಬದುಕಿಕೊಳ್ಳುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿರುತ್ತಾರೆ.

ಬದುಕಿಕೊಳ್ಳುವುದಿಲ್ಲ. ಬೀದಿಯಲ್ಲೇ ಹುಟ್ಟಿದ ನಾಯಿಗೆ ಯಾವ ಹೋಟೆಲಿನ ಹಿಂದೆ ಎಷ್ಟು ಹೊತ್ತಿಗೆ ಅನ್ನ ಚೆಲ್ಲುತ್ತಾರೆ, ಯಾವ ಗಲ್ಲಿ ತನ್ನದು, ಯಾವುದು ಅಲ್ಲ, ಲಾರಿ ಬಂದರೆ ಎತ್ತ ಸರಿಯಬೇಕು, ಎಲ್ಲ ಗೊತ್ತು. ಮನೆಯ ನಾಯಿಗೆ ಇದ್ಯಾವುದೂ ಗೊತ್ತಿಲ್ಲ. ಬೇರೆ ನಾಯಿಗಳು ಸುತ್ತುವರಿದು ಕಚ್ಚುತ್ತವೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹಸ್ಕಿಯಂಥ ದಟ್ಟ ಕೂದಲಿನ ನಾಯಿ ರಸ್ತೆಯಲ್ಲಿದ್ದರೆ ಅದರ ಪಾಡು ನೀವೇ ಊಹಿಸಿ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಹಾಕಬೇಕು, ಮತ್ತೆ ಅಲ್ಲಿಗೇ ಬಿಡಬಾರದು ಎಂದಿದೆ. ಹಾಗಾಗಿ ಸ್ಟೇಷನ್ನಿನಲ್ಲಿ ಬಿಟ್ಟರೆ ಯಾರೋ ಅನ್ನ ಹಾಕುತ್ತಾರೆ ಎನ್ನುವ ಸಮಾಧಾನಕ್ಕೂ ಈಗ ಅರ್ಥವಿಲ್ಲ.

ರಾಟ್‌ವೀಲರ್ ತಳಿಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳ ಮಾರಾಟ, ಸಾಕಣೆಗೆ ನಿಷೇಧದ ಸುತ್ತೋಲೆ ಕಳಿಸಿತ್ತು. ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಾರಂತೆ ಎಂಬ ಹೆದರಿಕೆ ಮಾತ್ರ ಎಷ್ಟೋ ಜನರಲ್ಲಿ ಹಾಗೇ ಉಳಿದಿದೆ. ಮೊದಲ ಸಲ ನಾಯಿ ಸಾಕುವವರು ಆ ತಳಿಯ ಗೊಡವೆಗೇ ಹೋಗಬೇಡಿ, ಅಷ್ಟು ಸಾಕು.

ಈಗ ನಿಮ್ಮ ವಿಷಯ. ಮನೆಯಲ್ಲಿ ಇಬ್ಬರು ಮಕ್ಕಳು, ಹಗಲಿಡೀ ಅತ್ತೆ ಇರುತ್ತಾರೆ, ಸ್ವಂತ ಮನೆ ಅಂತ ಬರೆದಿದ್ದೀರಿ. ನಾಯಿ ಸಾಕಲು ಒಳ್ಳೆಯ ಮನೆ ಅದು. ಮೊದಲು ನಿಮ್ಮ ಅತ್ತೆಯವರನ್ನೇ ಕೇಳಿ, ಏಕೆಂದರೆ ಹಗಲು ನಾಯಿಯ ಜೊತೆ ಇರುವವರು ಅವರು. ಬೆಳೆದ ಲ್ಯಾಬ್‌ಗೆ ದಿನಕ್ಕೆ ಮುನ್ನೂರು, ಮುನ್ನೂರೈವತ್ತು ಗ್ರಾಂ ಒಣ ಫುಡ್ ಬೇಕು, ಅಂದರೆ ತಿಂಗಳಿಗೆ ಹತ್ತು ಕೆಜಿಯ ಚೀಲ, ಸಾಧಾರಣದ್ದೇ ತಂದರೂ ಎರಡು ಸಾವಿರದ ಆಸುಪಾಸು. ಮನೆಯ ಅನ್ನ, ಮೊಸರು, ಮೊಟ್ಟೆ, ಕೋಳಿ ಸೇರಿಸಿದರೆ ಸ್ವಲ್ಪ ತಗ್ಗುತ್ತದೆ. ವರ್ಷವರ್ಷ ಲಸಿಕೆ, ಉಣ್ಣೆಯ ಔಷಧಿ ಬೇರೆ. ಇದರ ಮುಂದೆ ಮರಿಯ ಐದು ಸಾವಿರ ಒಂದು ಲೆಕ್ಕವೇ ಅಲ್ಲ, ಹಾಗಾಗಿ ಅಗ್ಗ ಎನ್ನುವುದನ್ನು ಕಾರಣದ ಪಟ್ಟಿಯಿಂದಲೇ ತೆಗೆದುಬಿಡಿ.

ಮರಿಯೇ ಬೇಕು ಎಂದಾದರೆ ಹುಟ್ಟಿದ ಮನೆಗೇ ಹೋಗಿ. ಬಸ್ ಸ್ಟ್ಯಾಂಡಿಗೆ ತಂದುಕೊಡುತ್ತೇವೆ, ಅರ್ಧ ದಾರಿಗೆ ಬನ್ನಿ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ತಾಯಿ ಮರಿಗಳ ಜೊತೆ ಇದೆಯೇ, ಮಲಗಲು ಗೋಣಿಯಾದರೂ ಹಾಸಿದ್ದಾರೆಯೇ, ಮನೆಯವರು ಕೈ ಎತ್ತಿದರೆ ಬಾಲ ಆಡಿಸುತ್ತದೆಯೇ ಇಲ್ಲ ಮುದುರಿಕೊಳ್ಳುತ್ತದೆಯೇ, ನೋಡಿ. ಇದು ಎಷ್ಟನೇ ಸೂಲು, ಹಿಂದಿನದು ಯಾವಾಗ, ಕೇಳಿ. ಎಂಟು ವಾರ ತುಂಬುವ ತನಕ ಕಾಯುತ್ತೇವೆ ಅನ್ನಿ, ಲಸಿಕೆ ಕಾರ್ಡಿನಲ್ಲಿ ಬಾಟಲಿಯ ಸ್ಟಿಕರ್ ಮತ್ತು ಡಾಕ್ಟರ ಸಹಿ ಎರಡೂ ಇರಬೇಕು. ಇಷ್ಟಕ್ಕೂ ಒಪ್ಪಿ ಹತ್ತು ಸಾವಿರ ಕೇಳಿದರೆ ಸಂತೋಷವಾಗಿ ಕೊಡಿ. ತಾಯಿಯನ್ನು ಚೆನ್ನಾಗಿ ನೋಡಿಕೊಂಡವರಿಗೆ ಮರಿ ಐದು ಸಾವಿರಕ್ಕೆ ಗಿಟ್ಟುವುದೇ ಇಲ್ಲ.

ನನ್ನನ್ನು ಕೇಳಿದರೆ ಮರಿಗಿಂತ ಬೆಳೆದ ನಾಯಿಯೇ ನಿಮ್ಮ ಮನೆಗೆ ಸರಿ. ಎಷ್ಟು ದೊಡ್ಡದಾಗುತ್ತದೆ, ಮಕ್ಕಳ ಜೊತೆ ಹೇಗಿರುತ್ತದೆ, ಹೊರಗೆ ಹೋಗಿಯೇ ಗಲೀಜು ಮಾಡುತ್ತದೆಯೇ ಎಲ್ಲ ಮೊದಲೇ ಗೊತ್ತಾಗುತ್ತದೆ. ಚಪ್ಪಲಿ, ಸೋಫಾ ಕಡಿಯುವ ವಯಸ್ಸು ದಾಟಿರುತ್ತದೆ. ಬಿಟ್ಟುಹೋದ ನಾಯಿ ಮತ್ತೆ ಹೊಂದಿಕೊಳ್ಳುವುದಿಲ್ಲ ಎನ್ನುವುದು ಸುಳ್ಳು. ಮೊದಲ ಕೆಲವು ದಿನ ಮಂಚದ ಕೆಳಗೋ ಮೂಲೆಯಲ್ಲೋ ಇರುತ್ತದೆ, ಬಲವಂತ ಮಾಡಬೇಡಿ, ಗೇಟು ಮಾತ್ರ ಹಾಕಿಡಿ. ಬಂದ ಕೂಡಲೇ ರೇಬೀಸ್ ಲಸಿಕೆ, ಉಣ್ಣೆ ಜ್ವರಕ್ಕೆ ರಕ್ತಪರೀಕ್ಷೆ, ಹೆಣ್ಣಾದರೆ ಸಂತಾನಹರಣ ಆಪರೇಷನ್. ಕೊನೆಯದನ್ನು ತಪ್ಪಿಸಲೇಬೇಡಿ. ಒಂದೇ ಒಂದು ಸಲ ಮರಿ ಹಾಕಲಿ ಎಂದು ಮನೆಯ ಹಿರಿಯರು ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಎಂಟು ಮರಿಗೂ ಮನೆ ಹುಡುಕುವವರು ಯಾರು?

ನಿಮ್ಮ ರಸ್ತೆಯ ಆ ಬಿಳಿ ನಾಯಿಯನ್ನು ಬಿಟ್ಟೇ ಹೋಗಿದ್ದಾರೆ ಅಂತ ತೀರ್ಮಾನಿಸುವ ಮೊದಲು ತಪ್ಪಿಸಿಕೊಂಡು ಬಂದಿರಬಹುದಾ ನೋಡಿ. ಪಟಾಕಿಗೆ ಹೆದರಿ ಓಡಿ ಬರುವ ನಾಯಿಗಳೂ ಇವೆ. ಬೆಲ್ಟ್ ಕಾಣುವ ಹಾಗೆ ಒಂದು ಫೋಟೋ ತೆಗೆದು ಬಡಾವಣೆಯ ಗ್ರೂಪುಗಳಿಗೆ ಹಾಕಿ, ಹತ್ತಿರದ ಪಶು ಆಸ್ಪತ್ರೆಯಲ್ಲೂ ತೋರಿಸಿ, ಅಲ್ಲಿಗೆ ಬಂದ ನಾಯಿಯಾಗಿದ್ದರೆ ಗುರುತು ಹಿಡಿಯುತ್ತಾರೆ. ನೀರು, ಅನ್ನ ದೂರದಲ್ಲಿಟ್ಟು ಸರಿದು ನಿಲ್ಲಿ, ಮಕ್ಕಳನ್ನು ಮುಟ್ಟಲು ಬಿಡಬೇಡಿ. ಹೆದರಿದ ನಾಯಿ ಎಷ್ಟೇ ಸಾಧುವಾಗಿದ್ದರೂ ಕಚ್ಚಬಹುದು, ಅದಕ್ಕೆ ಲಸಿಕೆ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒಂದು ವೇಳೆ ಹಲ್ಲು ತಾಗಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ, ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

ವಾರದೊಳಗೆ ಯಾರೂ ಹುಡುಕಿಕೊಂಡು ಬರದಿದ್ದರೆ, ನಿಮ್ಮ ಅತ್ತೆಯವರೂ ಒಪ್ಪಿದರೆ, ಅದನ್ನೇ ಒಳಗೆ ಕರೆದುಕೊಳ್ಳುವ ಬಗ್ಗೆ ಯೋಚಿಸಿ. ಡಾಕ್ಟರ ಬಳಿ ಹೇಗೆ ಕರೆದೊಯ್ಯುವುದು, ಬೆಲ್ಟ್ ಯಾವ ಅಳತೆಯದು ಬೇಕು ಅನ್ನುವುದನ್ನು ಕೇಳಿದರೆ ಹೇಳುತ್ತೇನೆ.